ಶನಿವಾರ ರಾತ್ರಿಯ ಕಾರು ರೇಸು: ಗೇಟು ಯಾರ ಕೈಯಲ್ಲಿ, ಲೆಕ್ಕದ ಪುಸ್ತಕ ಯಾರ ಕೈಯಲ್ಲಿ?

ಕ್ರೀಡಾಕೂಟದಲ್ಲಿ 400 ಮೀಟರ್ ಓಟ ನೋಡಿರುತ್ತೀರಿ. ಮೈದಾನಕ್ಕೆ ಒಂದು ಸುತ್ತು ಬಂದರೆ ಓಟ ಮುಗಿಯಿತು. ಅಷ್ಟೇ ಉದ್ದದ ಹಾದಿಯಲ್ಲಿ ಮಕ್ಕಳ ಬದಲು ಇಪ್ಪತ್ತು ಕಾರುಗಳನ್ನು ಒಟ್ಟಿಗೆ ಬಿಟ್ಟರೆ ಹೇಗಿರುತ್ತದೆ? ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ವಿನ್‌ಸ್ಟನ್-ಸೇಲಂ ಎಂಬ ಊರಿನಲ್ಲಿ ಬೇಸಿಗೆಯ ಶನಿವಾರ ರಾತ್ರಿಗಳಲ್ಲಿ ನಡೆಯುವುದು ಅದೇ.

ಅಲ್ಲಿನ ಬೋಮನ್ ಗ್ರೇ ಸ್ಟೇಡಿಯಂನಲ್ಲಿ ನಡುವೆ ಫುಟ್‌ಬಾಲ್ ಮೈದಾನ, ಅದರ ಸುತ್ತ ಕಾಲು ಮೈಲಿ ಡಾಂಬರು ಹಾದಿ. ಕಾಲು ಮೈಲಿ ಎಂದರೆ 402 ಮೀಟರ್. ವೇಗದ ಕಾರುಗಳು ಒಂದು ಸುತ್ತನ್ನು 14 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತವೆ. ಸುಮಾರು 17,000 ಜನ ಕೂರಬಹುದಾದ ಮೆಟ್ಟಿಲುಗಳು. ಅಜ್ಜ ಕೂತ ಜಾಗದಲ್ಲೇ ಮೊಮ್ಮಗ ಕೂರುತ್ತಾನೆ. ಒಬ್ಬ ಚಾಲಕನಿಗೆ ಚಪ್ಪಾಳೆ, ಇನ್ನೊಬ್ಬನಿಗೆ ಕೂಗಾಟ. ಕಾರಿಗೆ ಕಾರು ತಾಗಿಸಿದ್ದಕ್ಕೆ ರೇಸು ಮುಗಿದ ಮೇಲೆ ಕೈ ಕೈ ಮಿಲಾಯಿಸಿದ್ದೂ ಉಂಟು. ಊರವರು ಈ ಸ್ಟೇಡಿಯಂಗೆ ಇಟ್ಟ ಅಡ್ಡಹೆಸರೇ ‘ಹುಚ್ಚರ ಮನೆ’.

ಕಾರು ಓಡಿಸುವವರಲ್ಲಿ ಹೆಚ್ಚಿನವರಿಗೆ ರೇಸೇ ಹೊಟ್ಟೆಪಾಡಲ್ಲ. ವಾರವೆಲ್ಲ ಬೇರೆ ಕೆಲಸ, ಸಂಜೆ ಸ್ವಂತ ಶೆಡ್ಡಿನಲ್ಲಿ ಕಾರಿನ ರಿಪೇರಿ, ಶನಿವಾರ ರೇಸು. ಅದಕ್ಕೇ ಇದನ್ನು ಸಾಮಾನ್ಯರ ಆಟ ಎನ್ನುತ್ತಾರೆ. ಅದು ನಿಜವೂ ಹೌದು. ಆದರೆ ಯಾವ ಆಟಕ್ಕೂ ಒಂದು ಗೇಟು ಇರುತ್ತದೆ, ಯಾರು ಗೆದ್ದರು ಎಂದು ಬರೆಯುವ ಒಂದು ಪುಸ್ತಕ ಇರುತ್ತದೆ. ಈ ಆಟದ ಗೇಟು ಮತ್ತು ಪುಸ್ತಕದ ಕಥೆ ಇದು.

ಅಂಗಡಿ ಕಾರು, ಕಳ್ಳಭಟ್ಟಿ ಚಾಲಕ

ಈ ಆಟದ ಹೆಸರು ಸ್ಟಾಕ್ ಕಾರ್ ರೇಸಿಂಗ್. ಸ್ಟಾಕ್ ಎಂದರೆ ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟ ಮಾಲು. ರೇಸಿಗೆಂದೇ ಮಾಡಿದ ಗಾಡಿಯಲ್ಲ, ಜನ ಮನೆಗೆ ಕೊಳ್ಳುವ ಕಾರು. ಮೊದಲ ಕಾಲದಲ್ಲಿ ನಿಜಕ್ಕೂ ಹಾಗೇ ಇತ್ತು. ಈಗಿನ ಕಾರುಗಳನ್ನು ರೇಸಿಗಾಗಿಯೇ ಕಟ್ಟುತ್ತಾರೆ, ಹಳೆಯ ಹೆಸರು ಮಾತ್ರ ಉಳಿದಿದೆ.

ಈ ಆಟಕ್ಕೆ ಚಾಲಕರು ಎಲ್ಲಿಂದ ಬಂದರು? ಒಂದು ದೊಡ್ಡ ಪಾಲು ಬಂದದ್ದು ಕಳ್ಳಭಟ್ಟಿಯ ದಂಧೆಯಿಂದ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ನಿಷೇಧ ಹೋದ ಮೇಲೂ ತೆರಿಗೆ ತಪ್ಪಿಸಲು ಕಾಡಿನಲ್ಲಿ ಸಾರಾಯಿ ಕಾಯಿಸುವುದು ನಿಲ್ಲಲಿಲ್ಲ. ಗುಡ್ಡದ ಮೇಲಿನ ಭಟ್ಟಿಯಿಂದ ಪಟ್ಟಣಕ್ಕೆ ರಾತ್ರಿ ಹೊತ್ತು, ದೀಪ ಆರಿಸಿ, ಮಣ್ಣಿನ ರಸ್ತೆಯಲ್ಲಿ ಮಾಲು ಸಾಗಿಸಬೇಕು. ಹಿಂದೆ ಪೊಲೀಸರು.

1932ರಲ್ಲಿ ಫೋರ್ಡ್ ಕಂಪನಿ ವಿ-8 ಎಂಜಿನ್ನಿನ ಕಾರನ್ನು ಸಾಮಾನ್ಯರ ಬೆಲೆಗೆ ತಂದಿತು. ಸಾಗಣೆದಾರರು ಅದನ್ನು ಕೊಂಡು, ಹಿಂದಿನ ಸೀಟು ಕಿತ್ತು ಮಾಲಿಗೆ ಜಾಗ ಮಾಡಿದರು. ಭಾರಕ್ಕೆ ಹಿಂಭಾಗ ಕುಸಿದರೆ ಪೊಲೀಸರಿಗೆ ಗುರುತು ಸಿಗುತ್ತದೆ, ಆದ್ದರಿಂದ ಗಟ್ಟಿ ಸ್ಪ್ರಿಂಗ್ ಹಾಕಿಸಿದರು. ಎಂಜಿನ್ನಿಗೂ ಕೈಚಳಕ ತೋರಿಸಿದರು. ಹೀಗೆ ತಯಾರಾದ ಕಾರು, ಹೀಗೆ ಕಲಿತ ಚಾಲಕ, ಎರಡೂ ರೇಸಿಗೆ ಹೇಳಿ ಮಾಡಿಸಿದ ಹಾಗಿದ್ದವು. ಮುಂದೆ ದೊಡ್ಡ ಹೆಸರು ಮಾಡಿದ ಜೂನಿಯರ್ ಜಾನ್ಸನ್ 1956ರಲ್ಲಿ ತಂದೆಯ ಭಟ್ಟಿಯ ಬಳಿ ಸಿಕ್ಕಿಬಿದ್ದು ಜೈಲಿಗೆ ಹೋಗಿ ಬಂದವರು. 1986ರಲ್ಲಿ ಅಧ್ಯಕ್ಷ ರೇಗನ್ ಅವರಿಗೆ ಕ್ಷಮಾದಾನ ಕೊಟ್ಟರು.

ಆಗಿನ ರೇಸುಗಳಿಗೆ ಕಟ್ಟುಪಾಡು ಇರಲಿಲ್ಲ. ಒಂದೊಂದು ಊರಲ್ಲಿ ಒಂದೊಂದು ನಿಯಮ. ಕೆಲವು ಸಂಘಟಕರು ಟಿಕೆಟ್ ಹಣ ಎತ್ತಿಕೊಂಡು ಬಹುಮಾನ ಕೊಡದೆ ಪರಾರಿಯಾಗುತ್ತಿದ್ದರು. ಇದನ್ನು ಸರಿಮಾಡಲು ಬಿಲ್ ಫ್ರಾನ್ಸ್ ಎಂಬ ಮೆಕ್ಯಾನಿಕ್ ಮತ್ತು ರೇಸ್ ಸಂಘಟಕ 1947ರ ಡಿಸೆಂಬರಿನಲ್ಲಿ ಫ್ಲಾರಿಡಾದ ಡೇಟೋನಾ ಬೀಚ್‌ನ ಒಂದು ಹೋಟೆಲಿನಲ್ಲಿ ಸಭೆ ಕರೆದರು. ಅದರಿಂದ ಹುಟ್ಟಿದ್ದು ನ್ಯಾಸ್ಕಾರ್ ಎಂಬ ಸಂಸ್ಥೆ. ಎಲ್ಲ ಊರಿಗೂ ಒಂದೇ ನಿಯಮ, ಒಂದೇ ಪುಸ್ತಕ ಎಂಬುದು ಅದರ ಭರವಸೆ.

ಆ ಪುಸ್ತಕಕ್ಕೆ ಎಷ್ಟು ಬಲ ಇದೆ ಎಂಬುದು ಬೇಗ ಗೊತ್ತಾಯಿತು. 1949ರ ಜೂನ್ 19ರಂದು ಷಾರ್ಲಟ್ ನಗರದಲ್ಲಿ ಅಂಗಡಿ ಕಾರುಗಳ ಮೊದಲ ದೊಡ್ಡ ರೇಸು ನಡೆಯಿತು. ಸೇರಾ ಕ್ರಿಶ್ಚಿಯನ್ ಎಂಬ ಮಹಿಳೆಯೂ ಅದರಲ್ಲಿ ಕಾರು ಓಡಿಸಿದರು. ಮೊದಲು ಗುರಿ ಮುಟ್ಟಿದವರು ಗ್ಲೆನ್ ಡನವೇ. ತಪಾಸಣೆ ಮಾಡಿದರೆ ಅವರ ಕಾರಿನ ಹಿಂದಿನ ಸ್ಪ್ರಿಂಗುಗಳನ್ನು ಕಳ್ಳಭಟ್ಟಿ ಗಾಡಿಗಳ ಹಾಗೆ ಬದಲಿಸಿದ್ದರು. ಗೆಲುವು ರದ್ದಾಯಿತು. ಎರಡನೆಯವರಾಗಿದ್ದ ಜಿಮ್ ರೋಪರ್ ವಿಜೇತರಾದರು. ಡನವೇ ಓಡಿಸಿದ ಕಾರಿನ ಮಾಲೀಕರು ಕೋರ್ಟಿಗೆ ಹೋದರು, ಸೋತರು. ನಿಯಮ ಮಾಡುವ ಹಕ್ಕು ಸಂಸ್ಥೆಯದು ಎಂದಾಯಿತು.

ತಂಬಾಕು ಕಟ್ಟಿದ ಊರು

ವಿನ್‌ಸ್ಟನ್-ಸೇಲಂ ಬೆಳೆದದ್ದು ತಂಬಾಕಿನಿಂದ. ಆರ್.ಜೆ. ರೆನಾಲ್ಡ್ಸ್ ಸಿಗರೇಟ್ ಕಂಪನಿಯ ತವರು ಅದು. ‘ವಿನ್‌ಸ್ಟನ್’, ‘ಸೇಲಂ’ ಎಂಬ ಎರಡು ಸಿಗರೇಟುಗಳಿಗೆ ಊರಿನ ಹೆಸರನ್ನೇ ಇಟ್ಟರು.

ಹುಣಸೂರು, ಪಿರಿಯಾಪಟ್ಟಣ ಕಡೆಯ ಓದುಗರಿಗೆ ಇಲ್ಲೊಂದು ಹತ್ತಿರದ ವಿಷಯವಿದೆ. ನೀವು ಬೆಳೆದು ಬ್ಯಾರನ್‌ನಲ್ಲಿ ಹದ ಮಾಡುವ ವರ್ಜೀನಿಯಾ ತಂಬಾಕಿನ ಮೂಲ ಈ ಸೀಮೆಯೇ. ಎಲೆಗೆ ಹಳದಿ ಬಣ್ಣ ಬರುವಂತೆ ಬಿಸಿ ಏರಿಸಿ ಒಣಗಿಸುವ ವಿಧಾನ 1839ರಲ್ಲಿ ನಾರ್ತ್ ಕೆರೊಲಿನಾದ ಕ್ಯಾಸ್ವೆಲ್ ಕೌಂಟಿಯ ಒಂದು ತೋಟದಲ್ಲಿ ಕಂಡುಬಂತು ಎನ್ನುತ್ತಾರೆ. ಅದನ್ನು ಕಂಡುಕೊಂಡವರು ಸ್ಟೀಫನ್ ಎಂಬ ಕಪ್ಪು ಜೀತದಾಳು. ರಾತ್ರಿ ಕಾವಲಿನಲ್ಲಿ ಅವರಿಗೆ ನಿದ್ದೆ ಹತ್ತಿತು, ಬೆಂಕಿ ಆರುತ್ತಾ ಬಂತು, ಎಚ್ಚರವಾದಾಗ ಗಾಬರಿಯಲ್ಲಿ ಕುಲುಮೆಯ ಇದ್ದಿಲು ತಂದು ಹಾಕಿದರು. ಎಲೆ ಹೊಳೆಯುವ ಹಳದಿಯಾಯಿತು. ಆ ಎಲೆಯಿಂದ ತೋಟದ ಮಾಲೀಕರು ಹಣ ಮಾಡಿದರು. ಸ್ಟೀಫನ್ ಜೀತದಾಳಾಗಿಯೇ ಇದ್ದರು.

ಈ ಊರಿನ ಸ್ಟೇಡಿಯಂ ಕೂಡ ತಂಬಾಕಿನ ಗುರುತೇ. ಬೋಮನ್ ಗ್ರೇ ಎಂಬವರು ರೆನಾಲ್ಡ್ಸ್ ಕಂಪನಿಯ ಮುಖ್ಯಸ್ಥರಾಗಿದ್ದವರು. ಅವರು ತೀರಿಕೊಂಡ ಮೇಲೆ ಪತ್ನಿ ಹಣ ಕೊಟ್ಟರು. ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡಲು ಅಮೆರಿಕ ಸರ್ಕಾರ ಮಾಡಿದ್ದ ಯೋಜನೆಯಡಿ ಕೂಲಿಕಾರರು ಸ್ಟೇಡಿಯಂ ಕಟ್ಟಿದರು. ನಮ್ಮ ನರೇಗಾ ಕೆಲಸವನ್ನು ನೆನಪು ಮಾಡಿಕೊಳ್ಳಿ, ಸುಮಾರು ಹಾಗೇ. 1938ರಲ್ಲಿ ಸ್ಟೇಡಿಯಂ ತೆರೆಯಿತು.

1949ರ ಮೇ 18ರಂದು ಬಿಲ್ ಫ್ರಾನ್ಸ್ ಮತ್ತು ಅವರ ಪಾಲುದಾರ ಆಲ್ವಿನ್ ಹಾಕಿನ್ಸ್ ಇಲ್ಲಿ ಮೊದಲ ನ್ಯಾಸ್ಕಾರ್ ರೇಸು ನಡೆಸಿದರು. ಗೆದ್ದವರು ಫಾಂಟಿ ಫ್ಲಾಕ್. ಅಂದಿನಿಂದ ಇಂದಿನವರೆಗೆ ಇಲ್ಲಿ ವಾರದ ರೇಸಿನ ಪರಂಪರೆ ಉಳಿದುಬಂದಿದೆ. ನ್ಯಾಸ್ಕಾರ್‌ನ ವಾರದ ರೇಸು ಅತಿ ದೀರ್ಘ ಕಾಲದಿಂದ ನಡೆಯುತ್ತಿರುವ ಜಾಗ ಇದೇ.

ಇಲ್ಲಿನ ರೇಸಿಗೆ ಇದರದೇ ಒಂದು ಗುಣವಿದೆ. ದೊಡ್ಡ ಟ್ರ್ಯಾಕುಗಳಲ್ಲಿ ತಿರುವು ಹೊರಕ್ಕೆ ಏರಿರುತ್ತದೆ, ಕಾರು ಜಾರದೆ ವೇಗವಾಗಿ ತಿರುಗುತ್ತದೆ. ಇಲ್ಲಿ ತಿರುವು ಚಪ್ಪಟೆ. ಒಳಗಿನ ಅಂಚು ಹಿಡಿದವನನ್ನು ದಾಟುವುದು ಬಲು ಕಷ್ಟ. ಹಾಗಾಗಿ ಹಿಂದಿನವನು ತಿರುವಿನಲ್ಲಿ ಮುಂದಿನ ಕಾರಿನ ಹಿಂಭಾಗಕ್ಕೆ ಮೆಲ್ಲಗೆ ತಾಗಿಸುತ್ತಾನೆ. ಮುಂದಿನ ಕಾರು ಅರೆಕ್ಷಣ ಹಿಡಿತ ತಪ್ಪಿ ಹೊರಕ್ಕೆ ಸರಿಯುತ್ತದೆ. ಹಿಂದಿನವನು ಒಳಗೆ ನುಗ್ಗುತ್ತಾನೆ. ಮೆಲ್ಲಗೆ ತಾಗಿತೋ ಜೋರಾಗಿ ತಾಗಿತೋ ಎಂಬುದೇ ಜಗಳ. ಆ ಜಗಳ ನೋಡಲೆಂದೇ ಜನ ಬರುತ್ತಾರೆ.

ಗೇಟಿನಲ್ಲಿ ನಿಂತವನು

ವಿನ್‌ಸ್ಟನ್-ಸೇಲಂನ ಈಶಾನ್ಯಕ್ಕೆ, ರಾಜ್ಯದ ಗಡಿ ದಾಟಿದರೆ ವರ್ಜೀನಿಯಾದ ಡ್ಯಾನ್‌ವಿಲ್. ವೆಂಡೆಲ್ ಸ್ಕಾಟ್ 1921ರಲ್ಲಿ ಹುಟ್ಟಿದ್ದು ಅಲ್ಲಿ. ಕಪ್ಪು ಸಮುದಾಯದವರು. ಟ್ಯಾಕ್ಸಿ ಓಡಿಸಿದರು, ಎರಡನೇ ಮಹಾಯುದ್ಧದಲ್ಲಿ ಸೈನ್ಯದ ವಾಹನ ರಿಪೇರಿ ಮಾಡಿದರು, ಬಂದು ಗ್ಯಾರೇಜು ತೆರೆದರು. ಹಣ ಸಾಲದ್ದಕ್ಕೆ ರಾತ್ರಿ ಕಳ್ಳಭಟ್ಟಿಯನ್ನೂ ಸಾಗಿಸಿದರು. ಪೊಲೀಸರು ಹಲವು ಸಲ ಬೆನ್ನಟ್ಟಿ ಹಿಡಿದದ್ದು ಒಮ್ಮೆ ಮಾತ್ರ.

1952ರಲ್ಲಿ ಡ್ಯಾನ್‌ವಿಲ್‌ನ ರೇಸಿಗೆ ಜನ ಬರುತ್ತಿರಲಿಲ್ಲ. ಕಪ್ಪು ಚಾಲಕನೊಬ್ಬ ಇದ್ದರೆ ಜನ ಸೇರಬಹುದು ಎಂದು ಸಂಘಟಕರಿಗೆ ಹೊಳೆಯಿತು. ಊರಿನಲ್ಲಿ ವೇಗವಾಗಿ ಓಡಿಸುವ ಕಪ್ಪು ಮನುಷ್ಯ ಯಾರು ಎಂದು ಅವರು ಹೋಗಿ ಕೇಳಿದ್ದು ಪೊಲೀಸರನ್ನು! ಪೊಲೀಸರು ಸ್ಕಾಟ್ ಹೆಸರು ಹೇಳಿದರು. ಮೇ 23ರಂದು ಸ್ಕಾಟ್ ಮೊದಲ ಸಲ ರೇಸಿಗಿಳಿದರು. ಜನ ಕೂಗಾಡಿದರು, ಕಾರು ಕೆಟ್ಟಿತು. ಆದರೂ ಅವರಿಗೆ ಇದೇ ನನ್ನ ಕೆಲಸ ಎನಿಸಿತು.

ಮರುದಿನವೇ ಕಾರು ರಿಪೇರಿ ಮಾಡಿ ಎಳೆದುಕೊಂಡು ವಿನ್‌ಸ್ಟನ್-ಸೇಲಂಗೆ ಬಂದರು. ಅಲ್ಲಿ ನ್ಯಾಸ್ಕಾರ್ ರೇಸು ಇತ್ತು. ಅಧಿಕಾರಿಗಳು ತಡೆದರು. ಕಪ್ಪು ಚಾಲಕರಿಗೆ ಅವಕಾಶವಿಲ್ಲ ಎಂದರು. ಕಾರಿನಲ್ಲಿ ದೋಷವಿರಲಿಲ್ಲ, ಸ್ಪ್ರಿಂಗ್ ನೋಡಲೂ ಇಲ್ಲ. ವಾಪಸು ಹೋಗುವಾಗ ಕಣ್ಣಲ್ಲಿ ನೀರಿತ್ತು ಎಂದು ಸ್ಕಾಟ್ ಮುಂದೆ ಹೇಳಿಕೊಂಡಿದ್ದಾರೆ. ಕೆಲ ದಿನಗಳ ನಂತರ ಪಕ್ಕದ ಹೈ ಪಾಯಿಂಟ್ ಊರಿನಲ್ಲೂ ಇದೇ ಆಯಿತು.

ಅದೇ ಊರಿನ ಸಿಗರೇಟ್ ಕಾರ್ಖಾನೆಯಲ್ಲಿ ಎಲೆಯ ದಂಟು ತೆಗೆಯುವ, ಧೂಳು ಕುಡಿಯುವ ಕೆಲಸಕ್ಕೆ ಸಾವಿರಾರು ಕಪ್ಪು ಕಾರ್ಮಿಕರಿದ್ದರು, ಬಹುಪಾಲು ಹೆಂಗಸರು. 1943ರಲ್ಲಿ ಅವರು ಕೆಲಸ ನಿಲ್ಲಿಸಿ ಸಂಘ ಕಟ್ಟಿದ್ದರು. ಆ ಊರು ಬೆಳೆದದ್ದರಲ್ಲಿ ಅವರ ಬೆವರು ಎಷ್ಟಿತ್ತು ಎಂಬುದು ಊರಿಗೆಲ್ಲ ಗೊತ್ತಿತ್ತು. ರೇಸಿನ ಗೇಟಿನಲ್ಲಿ ಆ ಲೆಕ್ಕ ನಡೆಯಲಿಲ್ಲ.

ಸ್ಕಾಟ್ ನ್ಯಾಸ್ಕಾರ್ ಬಿಟ್ಟು ಸಣ್ಣ ಸಂಸ್ಥೆಗಳ ರೇಸುಗಳಿಗೆ ಹೋದರು, ಕೆಲವೇ ದಿನಗಳಲ್ಲಿ ಲಿಂಚ್‌ಬರ್ಗ್‌ನಲ್ಲಿ ಗೆದ್ದೂ ಬಿಟ್ಟರು. 1953ರಲ್ಲಿ ರಿಚ್ಮಂಡ್‌ನ ಒಂದು ಟ್ರ್ಯಾಕಿನ ಅಧಿಕಾರಿ ಅವರಿಗೆ ನ್ಯಾಸ್ಕಾರ್ ಲೈಸೆನ್ಸ್ ಕೊಟ್ಟರು. ಒಂದು ಗೇಟು ತೆರೆಯಿತು. ಒಮ್ಮೆ ಒಬ್ಬ ಸಂಘಟಕ ಉಳಿದ ಚಾಲಕರಿಗೆ ಕೊಡುವ ಸಾಗಣೆ ವೆಚ್ಚವನ್ನು ಸ್ಕಾಟ್‌ಗೆ ಮಾತ್ರ ಕೊಡಲಿಲ್ಲ. ಅವರು ನೇರವಾಗಿ ಬಿಲ್ ಫ್ರಾನ್ಸ್ ಬಳಿ ಹೋಗಿ ಕೇಳಿದರು. ಫ್ರಾನ್ಸ್ ಜೇಬಿನಿಂದ ಹಣ ತೆಗೆದುಕೊಟ್ಟು, ನೀನು ಸಂಸ್ಥೆಯ ಸದಸ್ಯ, ಸದಸ್ಯನ ಹಾಗೇ ನಡೆಸಿಕೊಳ್ಳುತ್ತೇವೆ ಎಂದು ಭರವಸೆ ಕೊಟ್ಟರು. ಆ ಮಾತು ಎಲ್ಲ ಕಡೆ ನಡೆಯಲಿಲ್ಲ.

1959ರಲ್ಲಿ ಸ್ಕಾಟ್ ವರ್ಜೀನಿಯಾ ರಾಜ್ಯದ ಚಾಂಪಿಯನ್ ಆದರು. 1961ರಿಂದ ಅತ್ಯುನ್ನತ ದರ್ಜೆಯ ರೇಸುಗಳಿಗೆ ಇಳಿದರು. ಪ್ರಾಯೋಜಕರಿಲ್ಲ, ಹಳೆಯ ಬಿಡಿಭಾಗಗಳು, ಮೆಕ್ಯಾನಿಕ್ ಕೆಲಸಕ್ಕೆ ಸ್ವಂತ ಮಕ್ಕಳು. 1952ರಲ್ಲಿ ತಮ್ಮನ್ನು ವಾಪಸು ಕಳಿಸಿದ ವಿನ್‌ಸ್ಟನ್-ಸೇಲಂಗೆ ಮತ್ತೆ ಬಂದು, ಬೋಮನ್ ಗ್ರೇ ಹಾದಿಯಲ್ಲೂ ಓಡಿಸಿದರು.

ಪುಸ್ತಕದಲ್ಲಿ ಬರೆದದ್ದು

1963ರ ಡಿಸೆಂಬರ್ 1. ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಅರ್ಧ ಮೈಲಿಯ ಮಣ್ಣಿನ ಹಾದಿ. ಸ್ಕಾಟ್ ಓಡಿಸುತ್ತಿದ್ದುದು ಷೆವ್ರೊಲೆ ಕಾರು, ನಂಬರ್ 34. ಕೊನೆಯ ಹಂತದಲ್ಲಿ ರಿಚರ್ಡ್ ಪೆಟ್ಟಿಯವರ ಕಾರು ನಿಧಾನವಾಯಿತು, ಸ್ಕಾಟ್ ಮುಂದೆ ಬಂದರು. ಗುರಿ ದಾಟಿದರು. ಗೆಲುವಿನ ಬಾವುಟ ಬೀಸಲಿಲ್ಲ. ಅವರು ಓಡಿಸುತ್ತಲೇ ಇದ್ದರು.

ವಿಜೇತ ಎಂದು ಘೋಷಿಸಿದ್ದು ಬಕ್ ಬೇಕರ್ ಹೆಸರನ್ನು. ಟ್ರೋಫಿಯೂ ಅವರಿಗೇ. ಸ್ಕಾಟ್ ಆಕ್ಷೇಪ ಎತ್ತಿದರು. ಆಗ ಸುತ್ತುಗಳನ್ನು ಮನುಷ್ಯರೇ ಕೂತು ಕೈಯಲ್ಲಿ ಬರೆದು ಎಣಿಸುತ್ತಿದ್ದರು. ಮತ್ತೆ ಲೆಕ್ಕ ತೆಗೆದರೆ ಸ್ಕಾಟ್ ಬೇಕರ್‌ಗಿಂತ ಎರಡು ಸುತ್ತು ಮುಂದಿದ್ದರು. ಜನರೆಲ್ಲ ಮನೆಗೆ ಹೋದ ಮೇಲೆ ಅಧಿಕಾರಿಗಳು ತಪ್ಪು ಒಪ್ಪಿಕೊಂಡರು. ಬಹುಮಾನದ ಹಣ ಸಿಕ್ಕಿತು. ಟ್ರೋಫಿ ಅಷ್ಟರಲ್ಲಿ ಹೊರಟುಹೋಗಿತ್ತು.

ಅದು ಬರೀ ಎಣಿಕೆಯ ತಪ್ಪೇ? ಸ್ಕಾಟ್ ನಂಬಲಿಲ್ಲ, ಕುಟುಂಬವೂ ನಂಬಲಿಲ್ಲ. ವಿಜೇತನಿಗೆ ಬಿಳಿಯ ಯುವತಿಯೊಬ್ಬಳು ಮುತ್ತು ಕೊಡುವುದು ರೂಢಿ. ಕಪ್ಪು ಮನುಷ್ಯನಿಗೆ ಜನರೆದುರು ಅದು ಆಗಬಾರದು ಎಂದೇ ಹೀಗೆ ಮಾಡಿದರು ಎಂಬುದು ಅವರ ಮಾತು. ತುಂಬಿದ ಮೆಟ್ಟಿಲುಗಳ ಮುಂದೆ ಟ್ರೋಫಿ ಎತ್ತುವ ಆ ಒಂದು ಗಳಿಗೆ ಅವರ ಬದುಕಿನಲ್ಲಿ ಮತ್ತೆ ಬರಲೇ ಇಲ್ಲ. ಒಟ್ಟು 495 ರೇಸುಗಳಲ್ಲಿ ಅವರದು ಅದೊಂದೇ ಗೆಲುವು. ಹಾಗೆಂದು ಅವರು ಸಾಧಾರಣ ಚಾಲಕರಲ್ಲ. 147 ಸಲ ಮೊದಲ ಹತ್ತರಲ್ಲಿ ಬಂದರು, 1966ರಲ್ಲಿ ಇಡೀ ವರ್ಷದ ಅಂಕಪಟ್ಟಿಯಲ್ಲಿ 6ನೆಯವರಾದರು. 1973ರಲ್ಲಿ ಟ್ಯಾಲಡೇಗಾದ ದೊಡ್ಡ ಅಪಘಾತದಲ್ಲಿ ತೀವ್ರ ಗಾಯವಾಗಿ ವೃತ್ತಿ ಮುಗಿಯಿತು. 1990ರಲ್ಲಿ ತೀರಿಕೊಂಡರು.

ಊರಿನ ಹಣವೇ ಊರಿನ ರೇಸನ್ನು ಒಯ್ದಿತು

ಇತ್ತ ಬೋಮನ್ ಗ್ರೇಯಲ್ಲಿ 1958ರಿಂದ ವಾರದ ರೇಸಿನ ಜೊತೆ ಅತ್ಯುನ್ನತ ದರ್ಜೆಯ ರೇಸೂ ನಡೆಯುತ್ತಿತ್ತು. ರಿಚರ್ಡ್ ಪೆಟ್ಟಿ ತಮ್ಮ 100ನೇ ಗೆಲುವು ಕಂಡದ್ದು ಇಲ್ಲೇ, 1969ರಲ್ಲಿ. ಎರಡೇ ವರ್ಷಕ್ಕೆ ಎಲ್ಲ ಬದಲಾಯಿತು.

1971ರ ಜನವರಿಯಿಂದ ಅಮೆರಿಕದ ಟಿವಿ, ರೇಡಿಯೋಗಳಲ್ಲಿ ಸಿಗರೇಟ್ ಜಾಹೀರಾತು ನಿಂತುಹೋಯಿತು. ರೆನಾಲ್ಡ್ಸ್ ಕಂಪನಿಯ ಕೈಯಲ್ಲಿ ಜಾಹೀರಾತಿನ ಹಣ ಉಳಿಯಿತು. ಅದು ನ್ಯಾಸ್ಕಾರ್ ಕಡೆ ಹರಿಯಿತು. ಸರಣಿಯ ಹೆಸರೇ ‘ವಿನ್‌ಸ್ಟನ್ ಕಪ್’ ಆಯಿತು. ದೊಡ್ಡ ಹಣಕ್ಕೆ ದೊಡ್ಡ ಟ್ರ್ಯಾಕು ಬೇಕು, ದೂರದ ರೇಸು ಬೇಕು. 1971ರಲ್ಲಿ 48 ಇದ್ದ ರೇಸುಗಳು 1972ಕ್ಕೆ 31 ಆದವು. ಸಣ್ಣ ಊರುಗಳ ಸಣ್ಣ ಹಾದಿಗಳು ಪಟ್ಟಿಯಿಂದ ಹೊರಬಿದ್ದವು. ಅವುಗಳಲ್ಲಿ ವಿನ್‌ಸ್ಟನ್-ಸೇಲಂ ಕೂಡ ಒಂದು. ಸರಣಿಗೆ ಊರಿನ ಹೆಸರು ಬಂತು, ಊರಿಗೆ ಸರಣಿಯ ರೇಸು ಇಲ್ಲವಾಯಿತು.

ಆದರೆ ಶನಿವಾರದ ರೇಸು ನಿಲ್ಲಲಿಲ್ಲ. ದೊಡ್ಡ ಚಾಲಕರು ಬರದಿದ್ದರೇನು, ಊರಿನ ಗ್ಯಾರೇಜಿನವರು ಇದ್ದರು. 2010ರಲ್ಲಿ ಈ ಚಾಲಕರ ಜಗಳ, ರಾಜಿಗಳ ಮೇಲೆ ಒಂದು ಟಿವಿ ಸರಣಿಯೇ ಬಂತು.

1971ರಲ್ಲಿ ಇಲ್ಲಿ ನಡೆದ ಕೊನೆಯ ದೊಡ್ಡ ರೇಸಿಗೂ ಪುಸ್ತಕದ ಕಥೆಯೊಂದಿದೆ. ಮೊದಲು ಬಂದವರು ಬಾಬಿ ಆಲಿಸನ್. ಆದರೆ ಅವರ ಕಾರು ಬೇರೆ ವರ್ಗದ್ದು, ಆ ರೇಸಿನಲ್ಲಿ ಎರಡೂ ವರ್ಗಗಳನ್ನು ಸೇರಿಸಿ ಓಡಿಸಿದ್ದರು. ಹಾಗಾಗಿ ಆ ಗೆಲುವನ್ನು ಅವರ ಲೆಕ್ಕಕ್ಕೆ ಸೇರಿಸಲಿಲ್ಲ. 53 ವರ್ಷಗಳ ನಂತರ, 2024ರ ಅಕ್ಟೋಬರಿನಲ್ಲಿ, ನ್ಯಾಸ್ಕಾರ್ ಪುಸ್ತಕ ತಿದ್ದಿ ಆಲಿಸನ್‌ಗೆ 85ನೇ ಗೆಲುವು ಕೊಟ್ಟಿತು. ಆಲಿಸನ್ ಅದನ್ನು ಕೇಳಿಸಿಕೊಂಡು, ಮುಂದಿನ ತಿಂಗಳು ತೀರಿಕೊಂಡರು.

ಸ್ಕಾಟ್‌ಗೆ ಅಷ್ಟೂ ಆಗಲಿಲ್ಲ. 2015ರಲ್ಲಿ ಅವರ ಹೆಸರನ್ನು ನ್ಯಾಸ್ಕಾರ್‌ನ ಮಹನೀಯರ ಸಾಲಿಗೆ ಸೇರಿಸಿದರು. ಜಾಕ್ಸನ್‌ವಿಲ್ ಗೆಲುವಿನ ಟ್ರೋಫಿಯನ್ನು ನ್ಯಾಸ್ಕಾರ್ ಅವರ ಕುಟುಂಬದ ಕೈಗೆ ಕೊಟ್ಟದ್ದು 2021ರ ಆಗಸ್ಟ್ 28ರಂದು. ಬದುಕಿದ್ದರೆ ಮರುದಿನ ಅವರಿಗೆ ನೂರು ತುಂಬುತ್ತಿತ್ತು. ಅದಾಗಿ ಸುಮಾರು ಐದು ವಾರಕ್ಕೆ ಬಬ್ಬಾ ವಾಲೇಸ್ ಟ್ಯಾಲಡೇಗಾದಲ್ಲಿ ಗೆದ್ದರು. ಸ್ಕಾಟ್ ನಂತರ ಆ ದರ್ಜೆಯಲ್ಲಿ ಗೆದ್ದ ಎರಡನೇ ಕಪ್ಪು ಚಾಲಕ. ನಡುವೆ ಹೋದದ್ದು 58 ವರ್ಷ.

2025ರ ಫೆಬ್ರವರಿ 2ರಂದು ದೊಡ್ಡ ಚಾಲಕರು ಬೋಮನ್ ಗ್ರೇಗೆ ಮರಳಿದರು. 200 ಸುತ್ತುಗಳ ಪ್ರದರ್ಶನ ರೇಸು, ಚೇಸ್ ಎಲಿಯಟ್ ಗೆದ್ದರು. ಮೆಟ್ಟಿಲುಗಳು ತುಂಬಿದ್ದವು.

ಆ ಹಾದಿಯ ನಡುವಿನ ಹುಲ್ಲಿನ ಮೈದಾನದಲ್ಲಿ 1956ರಿಂದ ಫುಟ್‌ಬಾಲ್ ಆಡುತ್ತಿರುವುದು ವಿನ್‌ಸ್ಟನ್-ಸೇಲಂ ಸ್ಟೇಟ್ ಯೂನಿವರ್ಸಿಟಿಯ ತಂಡ. ಕಪ್ಪು ಮಕ್ಕಳ ಓದಿಗಾಗಿ 1892ರಲ್ಲಿ ಶುರುವಾದ ಸಂಸ್ಥೆ ಅದು. ಒಂದೇ ಸ್ಟೇಡಿಯಂ. ಬೇಸಿಗೆಯ ಶನಿವಾರ ಅಂಚಿನಲ್ಲಿ ಕಾರುಗಳು, ಮಳೆಗಾಲ ಮುಗಿದು ಚಳಿ ಶುರುವಾಗುವ ದಿನಗಳಲ್ಲಿ ನಡುವೆ ಆ ಹುಡುಗರು.

ಈಗ ದೊಡ್ಡ ರೇಸುಗಳಲ್ಲಿ ಪ್ರತಿ ಕಾರಿಗೂ ಒಂದು ಪುಟ್ಟ ಯಂತ್ರ ಕಟ್ಟಿರುತ್ತಾರೆ. ಗೆರೆ ದಾಟಿದ ಕೂಡಲೇ ಸುತ್ತು ತಾನಾಗಿ ದಾಖಲಾಗುತ್ತದೆ, ಕೈಲೆಕ್ಕದ ತಪ್ಪಿಗೆ ಜಾಗವಿಲ್ಲ. ಒಳ್ಳೆಯದೇ. ಆದರೆ ಜಾಕ್ಸನ್‌ವಿಲ್‌ನಲ್ಲಿ ಎಣಿಕೆಯ ತಪ್ಪು ಅದೇ ಸಂಜೆ ಸಿಕ್ಕಿತ್ತು, ಲೆಕ್ಕವೂ ಸರಿಯಾಗಿತ್ತು. ಟ್ರೋಫಿ ಮನೆ ಸೇರಲು 58 ವರ್ಷ ಹಿಡಿದದ್ದು ಎಣಿಸಲು ಬಾರದ್ದಕ್ಕಲ್ಲ, ಕೊಡಲು ಮನಸ್ಸಿಲ್ಲದ್ದಕ್ಕೆ.